ಪಾರ್ಕಿನ ಬೀಗ ಸೂರ್ಯನಿಗಿಂತ ಮೊದಲು ತೆಗೆಯಿರಿ: ಮರುಭೂಮಿಯ ಸಣ್ಣ ಊರುಗಳ ಆಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಸದಸ್ಯರೇ, ಪಾರ್ಕು, ಗ್ರಂಥಾಲಯ, ಮ್ಯೂಸಿಯಂ ನೋಡಿಕೊಳ್ಳುವ ಅಧಿಕಾರಿಗಳೇ,

ನಮಸ್ಕಾರ.

ಇದು ಯಾವುದೋ ಒಂದು ಊರಿಗೆ ಮಾತ್ರ ಬರೆದ ಪತ್ರ ಅಲ್ಲ. ಸುತ್ತ ಮರಳು, ಕಲ್ಲು, ಕುರುಚಲು ಗಿಡ. ನಡುವೆ ಒಂದು ಮುಖ್ಯರಸ್ತೆ, ಒಂದು ಪಾರ್ಕು, ಒಂದು ಗ್ರಂಥಾಲಯ, ಅದೃಷ್ಟ ಇದ್ದರೆ ಒಂದು ಪುಟ್ಟ ಮ್ಯೂಸಿಯಂ. ಇಂಥ ಊರು ಯಾವ ದೇಶದಲ್ಲೇ ಇರಲಿ, ಅದನ್ನು ನಡೆಸುವವರು ಇದನ್ನು ಓದಬೇಕು ಅಂತ ನನ್ನಾಸೆ. ನಾನು ಇಂಥದೇ ಊರಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ತಾಯಿ.

"ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋದು?" ಅನ್ನುವ ಪ್ರಶ್ನೆ ಸಭೆಯಲ್ಲಿ ಬಂದಾಗೆಲ್ಲ ನೀವು ಹೇಳುವುದು ಒಂದೇ. ಹೊಸದೇನಾದರೂ ಕಟ್ಟೋಣ, ದುಡ್ಡು ಬರಲಿ. ದುಡ್ಡು ಬರುವುದಿಲ್ಲ, ಕಟ್ಟುವುದೂ ಇಲ್ಲ. ಒಂದು ವೇಳೆ ಬಂದರೆ ಬಣ್ಣದ ಜಾರುಬಂಡೆ ಬರುತ್ತದೆ, ರಿಬ್ಬನ್ ಕತ್ತರಿಸುತ್ತೀರಿ. ಆಮೇಲೆ ವರ್ಷದ ಅರ್ಧ ಭಾಗ ಅದನ್ನು ಮುಟ್ಟುವ ಹಾಗಿರುವುದಿಲ್ಲ.

ನನ್ನ ಬೇಡಿಕೆ ಬೇರೆ. ಹೊಸದು ಏನೂ ಕಟ್ಟಬೇಡಿ. ಇರುವುದನ್ನು ಸರಿಯಾದ ಹೊತ್ತಿಗೆ ತೆರೆಯಿರಿ. ನಮ್ಮ ಊರುಗಳಲ್ಲಿ ಮಕ್ಕಳಿಗೆ ಜಾಗದ ಕೊರತೆ ಇಲ್ಲ. ಕೊರತೆ ಇರುವುದು ಸಮಯದ್ದು.

ಮರುಭೂಮಿಯ ದಿನ ಹೇಗೆ ನಡೆಯುತ್ತದೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೂ ಒಮ್ಮೆ ಪಾರ್ಕಿನ ಬೋರ್ಡಿನ ಪಕ್ಕ ನಿಂತು ಯೋಚಿಸಿ. ಗಾಳಿಯಲ್ಲಿ ತೇವ ಕಡಿಮೆ, ಮೋಡ ಕಡಿಮೆ. ಹಾಗಾಗಿ ಹಗಲು ನೆಲ ಹೀರಿದ ಬಿಸಿ ರಾತ್ರಿ ಸರಾಗವಾಗಿ ಆಕಾಶಕ್ಕೆ ಹೊರಟುಹೋಗುತ್ತದೆ. ಹಗಲಿಗೂ ರಾತ್ರಿಗೂ 15ರಿಂದ 20 ಡಿಗ್ರಿ ವ್ಯತ್ಯಾಸ ಇಲ್ಲಿ ಮಾಮೂಲು. ದಿನದ ಅತಿ ತಂಪು ಹೊತ್ತು ನಡುರಾತ್ರಿ ಅಲ್ಲ, ಸೂರ್ಯ ಹುಟ್ಟುವ ಆಸುಪಾಸು. ಅತಿ ಬಿಸಿ ಹೊತ್ತು ಹನ್ನೆರಡು ಗಂಟೆ ಅಲ್ಲ, ಮಧ್ಯಾಹ್ನ ಮೂರರಿಂದ ಐದು. ಈಗ ಬೋರ್ಡು ನೋಡಿ. ಬೆಳಗ್ಗೆ ಒಂಬತ್ತಕ್ಕೆ ತೆರೆಯುತ್ತದೆ, ಕತ್ತಲಾದರೆ ಮುಚ್ಚುತ್ತದೆ. ಮಕ್ಕಳು ಆಡಬಾರದ ಹೊತ್ತನ್ನೇ ಹುಡುಕಿ ಹುಡುಕಿ ತೆರೆದಂತಿದೆ, ಅಲ್ವಾ?

ಈ ಸಮಯ ಎಲ್ಲಿಂದ ಬಂತು? ಮಳೆ ಬೀಳುವ, ಹಸಿರಿರುವ ಯಾವುದೋ ಊರಿನ ನಿಯಮವನ್ನು ಹಾಗೇ ಇಳಿಸಿಕೊಂಡಿದ್ದೇವೆ ಅಂತ ನನ್ನ ಅನುಮಾನ. ಅಲ್ಲಿ ಕತ್ತಲಾದ ಮೇಲೆ ಪಾರ್ಕು ಮುಚ್ಚುವುದರಲ್ಲಿ ಅರ್ಥ ಇರಬಹುದು. ಇಲ್ಲಿ ಕತ್ತಲಾದ ಮೇಲೇ ಜೀವ ಬರುವುದು. ಇಲಿ, ನರಿ, ಗೂಬೆ, ಚೇಳು, ಎಲ್ಲವೂ ಹೊರಗೆ ಬರುವುದು ಆಗಲೇ. ಇಡೀ ಮರುಭೂಮಿ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುತ್ತದೆ. ನಾವು ಮಾತ್ರ ಮಕ್ಕಳನ್ನು ಹಗಲು ಪಾಳಿಗೆ ಹಾಕಿದ್ದೇವೆ.

ಬಿಸಿ ಅಂದರೆ ಬರೀ ಗಾಳಿಯ ಬಿಸಿ ಅಂದುಕೊಳ್ಳಬೇಡಿ. ಹವಾಮಾನ ವರದಿಯಲ್ಲಿ ಬರುವ ಅಂಕಿ ನೆರಳಿನಲ್ಲಿ, ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲೆ ಅಳೆದದ್ದು. ಮೂರು ವರ್ಷದ ಮಗುವಿನ ತಲೆ ಅಷ್ಟು ಎತ್ತರಕ್ಕೆ ಬರುವುದೇ ಇಲ್ಲ. ಅದರ ಕೈಕಾಲು ತಾಗುವುದು ನೆಲಕ್ಕೆ, ಕಬ್ಬಿಣಕ್ಕೆ, ಪ್ಲಾಸ್ಟಿಕ್ಕಿಗೆ, ರಬ್ಬರ್ ಹಾಸಿಗೆ. ಇರಾನಿನ ಲೂಟ್ ಮರುಭೂಮಿಯಲ್ಲಿ 2005ರಲ್ಲಿ ಉಪಗ್ರಹ ಅಳೆದ ನೆಲದ ಉಷ್ಣತೆ 70.7 ಡಿಗ್ರಿ ಸೆಲ್ಸಿಯಸ್. ಅದು ದಾಖಲೆಯ ಮಾತು, ಇರಲಿ. ಆದರೆ ಬಿಸಿಲಿಗೆ ಬಿಟ್ಟ ಕಪ್ಪು ರಬ್ಬರ್ ಹಾಸು ಅಥವಾ ಲೋಹದ ಜಾರುಬಂಡೆ 60 ಡಿಗ್ರಿ ದಾಟುವುದಕ್ಕೆ ದಾಖಲೆಯ ಬಿಸಿಲು ಬೇಕಾಗಿಲ್ಲ. ಅಷ್ಟು ಬಿಸಿಯಾದ ಲೋಹ ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಇದರ ಬಗ್ಗೆ ಪೋಷಕರಿಗೆ ಪ್ರತ್ಯೇಕ ಎಚ್ಚರಿಕೆಯನ್ನೇ ಕೊಟ್ಟಿದೆ. ಎರಡು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಅಪಾಯ ಜಾಸ್ತಿ ಅಂತ ಅದು ಹೇಳುತ್ತದೆ. ಕಾರಣ ಕೇಳಿದರೆ ಹೊಟ್ಟೆ ಚುರ್ ಅನ್ನುತ್ತದೆ. ದೊಡ್ಡವರು ಬಿಸಿ ತಾಗಿದ ಕೂಡಲೇ ಕೈ ಎಳೆದುಕೊಳ್ಳುತ್ತಾರೆ. ಅಷ್ಟು ಚಿಕ್ಕ ಮಗು ಎದ್ದು ಓಡುವ ಬದಲು ಅಲ್ಲೇ ನಿಂತು ಅಳುತ್ತದೆ.

ಇನ್ನೊಂದು ಮಾತು. ಚಿಕ್ಕ ಮಕ್ಕಳಿಗೆ ಮೈ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ. ಹೊರಗಿನ ಗಾಳಿ ಮೈಗಿಂತ ಬಿಸಿಯಾದಾಗ ಆ ಬಿಸಿ ಅವರೊಳಗೆ ಬೇಗ ಇಳಿಯುತ್ತದೆ. ಆಟದ ಗುಂಗಿನಲ್ಲಿ ಬಾಯಾರಿಕೆ ಆಯ್ತು ಅಂತ ಹೇಳುವುದೂ ಇಲ್ಲ.

ಹಾಗಾದರೆ ಸಂಜೆ ಆರಕ್ಕೆ ಬಂದರಾಯಿತು ಅನ್ನಬೇಡಿ. ಬೇಸಿಗೆಯ ಸಂಜೆ ಆರಕ್ಕೆ ಸೂರ್ಯ ಇಳಿದಿರಬಹುದು. ಡಾಂಬರು, ಕಾಂಕ್ರೀಟ್, ಪಾರ್ಕಿನ ಕಲ್ಲಿನ ಗೋಡೆ ಇನ್ನೂ ಬಿಸಿ ಬಿಡುತ್ತಲೇ ಇರುತ್ತವೆ. ಅಂಗೈಯ ಹಿಂಭಾಗ ಇಟ್ಟು ಐದಾರು ಸೆಕೆಂಡ್ ತಡೆಯಲು ಆಗದಿದ್ದರೆ ಅದು ಮಕ್ಕಳು ಮುಟ್ಟುವ ಜಾಗ ಅಲ್ಲ. ಅದೇ ನೆಲ ಬೆಳಗಿನ ಜಾವ ತಣ್ಣಗಿರುತ್ತದೆ. ಇಡೀ ರಾತ್ರಿ ಬಿಸಿಯನ್ನೆಲ್ಲ ಬಿಟ್ಟು ಖಾಲಿಯಾಗಿರುತ್ತದೆ. ನಡೆಯಲು ಕಲಿಯುತ್ತಿರುವ ಮಗುವಿಗೆ ನಮ್ಮೂರಿನಲ್ಲಿ ಇರುವ ಅತ್ಯುತ್ತಮ ಸಮಯ ಅದು. ಆಗ ಪಾರ್ಕಿಗೆ ಬೀಗ.

ಬೆಳಗಿನ ಲಾಭ ತಂಪು ಮಾತ್ರ ಅಲ್ಲ. ರಾತ್ರಿ ಓಡಾಡಿದ ಎಲ್ಲದರ ಹೆಜ್ಜೆಗುರುತು ಮರಳಿನ ಮೇಲೆ ಆಗ ಹೊಚ್ಚ ಹೊಸದಾಗಿರುತ್ತದೆ. ಜೀರುಂಡೆಯ ಚುಕ್ಕಿ ಸಾಲು, ಹಾವು ಹರಿದ ಗೆರೆ, ಕುಪ್ಪಳಿಸಿದ ಇಲಿಯ ಜೋಡಿ ಹೆಜ್ಜೆ, ನಡುವೆ ಬಾಲ ಎಳೆದ ಗೀರು. ಗಾಳಿ ಎದ್ದರೆ ಎಲ್ಲ ಅಳಿಸಿಹೋಗುತ್ತದೆ. ಆರು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆ ಪತ್ತೇದಾರಿ ಆಟ ಯಾವ ಕಂಪನಿಯೂ ಮಾರುವುದಿಲ್ಲ. ಖರ್ಚು ಸೊನ್ನೆ. ಬೇಕಾದದ್ದು ಮುಚ್ಚಿದ ಬೂಟು, ಟೋಪಿ, ನೀರು, ಮತ್ತು ತೆರೆದ ಗೇಟು.

ಹೆಜ್ಜೆಗುರುತಿನ ಮಾತು ಬಂತಲ್ಲ, ಅಮೆರಿಕದ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಕಥೆ ಹೇಳಬೇಕು. ಅಲ್ಲಿ ಒಣಗಿದ ಹಳೆ ಕೆರೆಯಂಗಳದಲ್ಲಿ ಹಿಮಯುಗದ ಕಾಲದ ಮನುಷ್ಯರ ಹೆಜ್ಜೆಗಳು ಉಳಿದಿವೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಹೆಜ್ಜೆ ಸಾಲನ್ನು ಓದಿ ತೋರಿಸಿತು. ಹತ್ತು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಹೆಂಗಸು, ಅಥವಾ ಒಬ್ಬ ಹದಿಹರೆಯದ ಹುಡುಗ, ಜಾರುವ ಕೆಸರಿನಲ್ಲಿ ಮಗುವನ್ನು ಎತ್ತಿಕೊಂಡು ಬಿರುಸಾಗಿ ನಡೆದಿದ್ದಾರೆ. ನಡುನಡುವೆ ಪುಟ್ಟ ಪಾದಗಳು ಕಾಣಿಸಿಕೊಳ್ಳುತ್ತವೆ. ಕೈಸೋತು ಮಗುವನ್ನು ಇಳಿಸಿದ್ದಾರೆ, ಮತ್ತೆ ಎತ್ತಿಕೊಂಡಿದ್ದಾರೆ. ಅವರು ಹೋದ ಮೇಲೆ ಅದೇ ದಾರಿಯನ್ನು ಒಂದು ದೈತ್ಯ ಸ್ಲಾತ್ (ಈಗ ಅಳಿದುಹೋದ ಭಾರೀ ಗಾತ್ರದ ಪ್ರಾಣಿ) ಮತ್ತು ಒಂದು ಮ್ಯಾಮತ್ ಆನೆ ದಾಟಿವೆ.

ಈ ಕಥೆ ನಿಮಗೆ ಹೇಳಿದ್ದಕ್ಕೆ ಕಾರಣ ಇದೆ. ಚಿಕ್ಕ ಮಗುವಿನ ಜೊತೆ ಹೊರಟವರು ಆಗಲೂ ಹೀಗೇ ನಡೆದಿದ್ದರು. ಸ್ವಲ್ಪ ನಡೆಸುವುದು, ಸ್ವಲ್ಪ ಎತ್ತಿಕೊಳ್ಳುವುದು. ನೀವು ಮಾತ್ರ ನಡಿಗೆ ದಾರಿ ಮಾಡುವಾಗ ಎರಡು ಕಿಲೋಮೀಟರ್‌ಗೆ ಒಂದು ಬೆಂಚು ಹಾಕುತ್ತೀರಿ, ಅದೂ ನೆರಳಿಲ್ಲದ ಕಡೆ. ನಾಲ್ಕು ವರ್ಷದವರಿಗೂ ಎಪ್ಪತ್ತು ವರ್ಷದವರಿಗೂ ಕೂರುವ ಜಾಗ ಬೇಕಾಗುವ ದೂರ ಹೆಚ್ಚು ಕಡಿಮೆ ಒಂದೇ. ಶೌಚಾಲಯವೂ ಹಾಗೆಯೇ. ಅದಿಲ್ಲದ ಜಾಗದಲ್ಲಿ ಮಕ್ಕಳ ಜೊತೆಗಿನ ತಿರುಗಾಟ ಅರ್ಧ ಗಂಟೆಗೆ ಮುಗಿಯುತ್ತದೆ, ಎಷ್ಟೇ ಚೆಂದದ ಜಾಗ ಇರಲಿ.

ವೈಟ್ ಸ್ಯಾಂಡ್ಸ್‌ನಿಂದ ಕಲಿಯಬೇಕಾದದ್ದು ಇನ್ನೂ ಇದೆ. ಅಲ್ಲಿಯ ಮರಳು ಜಿಪ್ಸಮ್ ಅನ್ನುವ ಬಿಳಿ ಖನಿಜದ್ದು. ಬೆಳ್ಳಗೆ ಇರುವುದರಿಂದ ಬಿಸಿಲನ್ನು ವಾಪಸ್ ಎಸೆಯುತ್ತದೆ, ಬೇಸಿಗೆಯಲ್ಲೂ ಬರಿಗಾಲಲ್ಲಿ ನಡೆಯಬಹುದು. ಮಕ್ಕಳು ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೂತು ದಿಬ್ಬದಿಂದ ಜಾರುತ್ತಾರೆ. ಆ ಭಾಗ್ಯ ಎಲ್ಲ ಮರಳಿಗೂ ಇಲ್ಲ, ಅದನ್ನು ನೀವು ತರಲಾಗದು. ಆದರೆ ಆ ಉದ್ಯಾನದವರು ಮಾಡುವ ಎರಡು ಕೆಲಸ ನೀವೂ ಮಾಡಬಹುದು. ಸೂರ್ಯ ಮುಳುಗುವುದಕ್ಕೆ ಸ್ವಲ್ಪ ಮುಂಚೆ ಒಬ್ಬ ರೇಂಜರ್ ಜನರನ್ನು ಕರೆದುಕೊಂಡು ನಿಧಾನವಾಗಿ ಒಂದು ಸುತ್ತು ನಡೆಯುತ್ತಾರೆ. ಇನ್ನು ಬೆಚ್ಚಗಿನ ತಿಂಗಳುಗಳ ಹುಣ್ಣಿಮೆಯ ರಾತ್ರಿಗಳಲ್ಲಿ ಗೇಟು ತಡವಾಗಿ ಮುಚ್ಚಿ ಕಾರ್ಯಕ್ರಮ ಇಡುತ್ತಾರೆ. ಎರಡಕ್ಕೂ ಕಟ್ಟಡ ಬೇಕಿಲ್ಲ. ಒಬ್ಬ ಮನುಷ್ಯ, ಒಂದು ಬೀಗದ ಕೈ, ಒಂದು ಕ್ಯಾಲೆಂಡರ್ ಸಾಕು.

ರಾತ್ರಿಯ ಮಾತಿಗೆ ಬರೋಣ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ನಮ್ಮ ಊರುಗಳ ಹತ್ತಿರ ಇರುವ ನಿಜವಾದ ಆಸ್ತಿ ಇದೇ. ದೊಡ್ಡ ನಗರದ ಮಗು ಕ್ಷೀರಪಥವನ್ನು ಚಿತ್ರದಲ್ಲಿ ನೋಡುತ್ತದೆ. ನಮ್ಮ ಮಕ್ಕಳು ತಲೆ ಎತ್ತಿದರೆ ಕಾಣಬೇಕು. ಕಾಣುವುದಿಲ್ಲ ಅಂದರೆ ಅದಕ್ಕೆ ಕಾರಣ ಮುಖ್ಯರಸ್ತೆಗೆ ನೀವು ಹಾಕಿಸಿದ ಆ ಬಿಳಿ ದೀಪಗಳು.

ಕ್ಯಾಲಿಫೋರ್ನಿಯಾದ ಬೊರೆಗೊ ಸ್ಪ್ರಿಂಗ್ಸ್ ಅನ್ನುವ ಊರು ನೋಡಿ. ಸುತ್ತ ಆನ್ಜಾ-ಬೊರೆಗೊ ಮರುಭೂಮಿ ಉದ್ಯಾನ, ನಡುವೆ ಕೆಲವೇ ಸಾವಿರ ಜನರ ಪಟ್ಟಣ. ಟ್ರಾಫಿಕ್ ಸಿಗ್ನಲ್ ಕೂಡ ಇಲ್ಲ. 2009ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಕಗ್ಗತ್ತಲ ಆಕಾಶದ ಸಮುದಾಯ, ಅಂದರೆ ರಾತ್ರಿಯ ಆಕಾಶ ಮಸುಕಾಗದಂತೆ ದೀಪಗಳಿಗೆ ಮಿತಿ ಹಾಕಿಕೊಂಡ ಊರು, ಅನ್ನುವ ಮಾನ್ಯತೆ ಸಿಕ್ಕಿತು. ಊರಿನ ಸುತ್ತಲಿನ ಖಾಸಗಿ ಬಯಲಿನಲ್ಲಿ ಕಲಾವಿದ ರಿಕಾರ್ಡೊ ಬ್ರೆಸೆಡಾ ಮಾಡಿದ 130ಕ್ಕೂ ಹೆಚ್ಚು ಲೋಹದ ಪ್ರಾಣಿಗಳು ನಿಂತಿವೆ. ಆನೆಗಳಿವೆ, ಕುದುರೆಗಳಿವೆ, ರಸ್ತೆಯ ಈ ಕಡೆ ಮುಳುಗಿ ಆ ಕಡೆ ಏಳುವ ಒಂದು ಮಹಾಸರ್ಪವೂ ಇದೆ. ಟಿಕೆಟ್ ಇಲ್ಲ, ಬೇಲಿ ಇಲ್ಲ. ಲೋಹ ಆದ್ದರಿಂದ ಅದನ್ನೂ ಬೆಳಗ್ಗೆ ನೋಡುವುದೇ ಒಳ್ಳೆಯದು ಅನ್ನಿ.

ಲಡಾಖಿನ ಹಾನ್ಲೆ ಇನ್ನೊಂದು ಉದಾಹರಣೆ. ಅದು ಶೀತ ಮರುಭೂಮಿ, ಸುಮಾರು 4,500 ಮೀಟರ್ ಎತ್ತರ. ಅಲ್ಲಿ ಭಾರತೀಯ ಖಗೋಳ ವೀಕ್ಷಣಾಲಯ ಇದೆ. 2022ರಲ್ಲಿ ಸುತ್ತಲಿನ ಪ್ರದೇಶವನ್ನು ಕಗ್ಗತ್ತಲ ಆಕಾಶದ ರಕ್ಷಿತ ಪ್ರದೇಶ ಅಂತ ಘೋಷಿಸಿದರು. ನನಗೆ ಇಷ್ಟವಾದದ್ದು ಘೋಷಣೆ ಅಲ್ಲ, ಆಮೇಲೆ ಮಾಡಿದ್ದು. ಹಳ್ಳಿಯ ಜನರಿಗೇ ತರಬೇತಿ ಕೊಟ್ಟು, ಕೈಗೆ ದೂರದರ್ಶಕ ಕೊಟ್ಟು, ಬಂದವರಿಗೆ ಆಕಾಶ ತೋರಿಸುವ ಕೆಲಸ ಒಪ್ಪಿಸಿದರು. ಹೆಂಗಸರೂ ಅದರಲ್ಲಿ ಇದ್ದಾರೆ. ನಮ್ಮ ಊರಿನ ಪ್ರೌಢಶಾಲೆಯ ಮಕ್ಕಳಿಗೆ ಇದನ್ನು ಕಲಿಸಲು ಎಷ್ಟು ವಾರ ಬೇಕಾದೀತು?

"ಪಾರ್ಕು ರಾತ್ರಿ ತೆರೆಯಿರಿ ಅಂತೀರಿ, ದೀಪ ಹಾಕಬೇಡಿ ಅಂತಲೂ ಅಂತೀರಿ" ಅಂತ ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ದೀಪ ಬೇಡ ಅನ್ನುತ್ತಿಲ್ಲ. ಮೇಲಕ್ಕೆ ಬೆಳಕು ಚೆಲ್ಲದ, ಮುಸುಕು ಹಾಕಿದ, ನೆಲಕ್ಕೆ ಮಾತ್ರ ಬೀಳುವ ದೀಪ ಹಾಕಿ. ಬಣ್ಣ ಹಳದಿ ಇರಲಿ, ಬೆಳಕಿನ ಬಣ್ಣ ಅಳೆಯುವ ಲೆಕ್ಕದಲ್ಲಿ 3,000 ಕೆಲ್ವಿನ್ ಮೀರದಿರಲಿ. ಆಟದ ಜಾಗಕ್ಕೆ ಟೈಮರ್ ಹಾಕಿ, ರಾತ್ರಿ ಹತ್ತಕ್ಕೆ ತಾನೇ ಆರಲಿ. ಇಡೀ ರಾತ್ರಿ ಖಾಲಿ ಪಾರ್ಕಿಗೆ ಉರಿಯುವ ದೀಪ ಯಾರನ್ನೂ ಕಾಯುವುದಿಲ್ಲ. ಪಾರ್ಕಿನ ಒಂದು ಮೂಲೆ ಮಾತ್ರ ಪೂರ್ತಿ ಕತ್ತಲಾಗಿರಲಿ. ಅಲ್ಲಿ ಚಾಪೆ ಹಾಕಿ ಮಲಗುತ್ತೇವೆ.

ಅದೇ ಕತ್ತಲಲ್ಲಿ ಇನ್ನೊಂದು ಆಟ ಇದೆ. ನೇರಳಾತೀತ ಟಾರ್ಚ್ ಬಿಟ್ಟರೆ ಚೇಳುಗಳು ನೀಲಿ ಹಸಿರು ಬಣ್ಣದಲ್ಲಿ ಹೊಳೆಯುತ್ತವೆ. ಅವುಗಳ ಹೊರಚಿಪ್ಪಿನಲ್ಲಿರುವ ವಸ್ತುಗಳಿಂದ ಹೀಗಾಗುತ್ತದೆ. ಆಗಷ್ಟೇ ಪೊರೆ ಬಿಟ್ಟ ಚೇಳು ಹೊಳೆಯುವುದಿಲ್ಲ. ಚಿಪ್ಪು ಗಟ್ಟಿಯಾಗುತ್ತಾ ಹೋದಂತೆ ಹೊಳಪು ಬರುತ್ತದೆ. ಚೇಳು ತೋರಿಸುವುದಾ ಅಂತ ಗಾಬರಿಯಾಗಬೇಡಿ. ಮರುಭೂಮಿಯಲ್ಲಿ ಬೆಳೆಯುವ ಮಗುವಿಗೆ ಚೇಳು ಎಲ್ಲಿರುತ್ತದೆ, ಎಷ್ಟು ದೂರ ನಿಲ್ಲಬೇಕು, ಕಲ್ಲಿನ ಕೆಳಗೆ ಯಾಕೆ ಕೈ ಹಾಕಬಾರದು ಅಂತ ಗೊತ್ತಿರಲೇಬೇಕು. ದೊಡ್ಡವರ ಜೊತೆ, ಬೂಟು ಹಾಕಿ, ಮುಟ್ಟದೆ ನೋಡಿ ಕಲಿತರೆ ಅದು ನೆನಪಿನಲ್ಲಿ ಉಳಿಯುತ್ತದೆ.

ಮಧ್ಯಾಹ್ನ ಏನು ಮಾಡೋಣ? ಮಧ್ಯಾಹ್ನಕ್ಕೆ ಛಾವಣಿ ಬೇಕು. ಹೊಸ ಛಾವಣಿ ಬೇಡ, ಗ್ರಂಥಾಲಯಕ್ಕೆ ಒಂದು ಇದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಅದನ್ನು ಮುಚ್ಚಬೇಡಿ. ಮಕ್ಕಳ ಮೂಲೆಯಲ್ಲಿ ಮಾತಾಡಲು ಬಿಡಿ. ಶ್ ಶ್ ಅನ್ನುವವರನ್ನು ಇನ್ನೊಂದು ಕೋಣೆಗೆ ಕಳಿಸಿ. ಮೊಬೈಲ್ ಕೊಟ್ಟು ಕೂರಿಸುತ್ತಾರೆ ಅಂತ ನಮ್ಮನ್ನು ಬೈಯುವುದು ಸುಲಭ. ಹೊರಗೆ 45 ಡಿಗ್ರಿ ಇದ್ದು, ಊರಿನ ತಂಪಾದ ಏಕೈಕ ಸಾರ್ವಜನಿಕ ಕೋಣೆಗೆ ಬೀಗ ಬಿದ್ದಿದ್ದರೆ ಇನ್ನೇನು ಕೊಟ್ಟು ಕೂರಿಸಬೇಕು?

ಮ್ಯೂಸಿಯಂ ಇರುವ ಊರಿಗೆ ಒಂದು ಉಪಾಯ ಹೇಳುತ್ತೇನೆ. ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ಡೆಸರ್ಟ್ ಪಾರ್ಕಿನಲ್ಲಿ ನಿಶಾಚರ ಪ್ರಾಣಿಗಳಿಗೆ ಅಂತಲೇ ಒಂದು ಮನೆ ಇದೆ. ಒಳಗೆ ಹಗಲಿನಲ್ಲಿ ಕತ್ತಲು ಮಾಡುತ್ತಾರೆ. ಹೊರಗೆ ಬಿಸಿಲು ಸುರಿಯುವಾಗ ಒಳಗೆ ಬಿಲ್ಬಿಗಳು, ಅಂದರೆ ಉದ್ದ ಕಿವಿಯ ಪುಟ್ಟ ಪ್ರಾಣಿಗಳು, ಓಡಾಡುತ್ತಿರುತ್ತವೆ. ನಮ್ಮಂಥ ಸಣ್ಣ ಮ್ಯೂಸಿಯಂಗೆ ಪ್ರಾಣಿ ಸಾಕುವ ಶಕ್ತಿ ಇಲ್ಲ, ಬೇಡ. ಆದರೆ ಒಂದು ಕತ್ತಲ ಕೋಣೆ, ರಾತ್ರಿ ಮರುಭೂಮಿಯ ಸದ್ದುಗಳ ಒಂದು ಧ್ವನಿಮುದ್ರಣ, ಮುಟ್ಟಿ ನೋಡಲು ಒಂದಷ್ಟು ಕಲ್ಲು, ಉದುರಿದ ಗರಿ, ಹೆಜ್ಜೆಗುರುತಿನ ಅಚ್ಚು ಇಡಬಹುದಲ್ಲ. ಗಾಜಿನ ಪೆಟ್ಟಿಗೆಯ ಹಿಂದೆ ಇಟ್ಟ ಕಲ್ಲನ್ನು ಐದು ವರ್ಷದ ಮಗು ಎರಡು ಸೆಕೆಂಡ್ ನೋಡುತ್ತದೆ, ಅಷ್ಟೇ.

ಇನ್ನು ನೆರಳು. ನೆರಳಿಗೆ ದುಡ್ಡು ಬೇಕು, ಒಪ್ಪುತ್ತೇನೆ. ಇದ್ದಷ್ಟು ದುಡ್ಡನ್ನು ಸರಿಯಾದ ಕಡೆ ಹಾಕಿ. ಆಟದ ಜಾಗದ ನೆತ್ತಿಯ ಮೇಲೆ ಬಟ್ಟೆ ಕಟ್ಟಿ ಕೆಲಸ ಮುಗಿಯಿತು ಅಂದುಕೊಳ್ಳುತ್ತೀರಿ. ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದಾಗ ಅದರ ನೆರಳು ಸರಿಯಾಗಿ ಬೀಳುತ್ತದೆ. ಆಗ ಅಲ್ಲಿ ಯಾರೂ ಇರುವುದಿಲ್ಲ. ಮಕ್ಕಳು ಬರುವ ಬೆಳಗ್ಗೆ, ಸಂಜೆ ಬಿಸಿಲು ಓರೆಯಾಗಿ ಬರುತ್ತದೆ. ಬಟ್ಟೆಯ ನೆರಳು ಪಕ್ಕದ ರಸ್ತೆಯ ಮೇಲೆ ಬಿದ್ದಿರುತ್ತದೆ! ಪಶ್ಚಿಮಕ್ಕೆ ಒಂದು ಮರೆ ಬೇಕು. ಮರ ಆದರೆ ಇನ್ನೂ ಒಳ್ಳೆಯದು. ಬನ್ನಿಯಂಥ ಮರ ನೆಡಿ. ರಾಜಸ್ಥಾನದ ಖೇಜ್ರಿ, ಅರಬ್ ಎಮಿರೇಟ್ಸ್‌ನ ಘಾಫ್ ಎಲ್ಲ ಅದೇ. ಬೇರು ತುಂಬ ಆಳಕ್ಕೆ ಇಳಿಯುತ್ತದೆ, ಒಮ್ಮೆ ಹಿಡಿದುಕೊಂಡರೆ ನೀರಿಗೆ ಕಾಡುವುದಿಲ್ಲ. ನಿಮ್ಮ ಭಾಗದ್ದೇ ಬೇರೆ ಮರ ಇದ್ದರೆ ಅದನ್ನೇ ನೆಡಿ. ಇವತ್ತು ನೆಟ್ಟ ಮರ ಈ ಚುನಾವಣೆಗೆ ನೆರಳು ಕೊಡುವುದಿಲ್ಲ ಅನ್ನುವುದು ನನಗೂ ಗೊತ್ತು. ಜಾರುಬಂಡೆಯನ್ನು ಮಾತ್ರ ಇವತ್ತೇ ತಿರುಗಿಸಬಹುದು. ಭೂಮಧ್ಯರೇಖೆಯ ಉತ್ತರದ ಊರುಗಳಲ್ಲಿ ಅದು ಉತ್ತರಕ್ಕೆ ಮುಖ ಮಾಡಿದರೆ ಬಿಸಿಲು ಕಡಿಮೆ ಬೀಳುತ್ತದೆ.

ಕುಡಿಯುವ ನೀರಿನ ನಲ್ಲಿಯ ಬಗ್ಗೆ ಒಂದೇ ಮಾತು. ಕೊಳವೆಯನ್ನು ನೆಲದಡಿ ಹಾಕಿ. ಬಿಸಿಲಿಗೆ ಮೈಯೊಡ್ಡಿದ ಕೊಳವೆಯಿಂದ ಬರುವ ನೀರಲ್ಲಿ ಕೈ ತೊಳೆಯಲೂ ಆಗುವುದಿಲ್ಲ.

ಅಪಾಯಗಳ ಬಗ್ಗೆ ಬೋರ್ಡು ಹಾಕುತ್ತೀರಿ. ಎಂಟು ನಿಷೇಧಗಳು, ಸಣ್ಣ ಅಕ್ಷರ. ನಾಯಿ ತರಬೇಡಿ, ಚೆಂಡು ಆಡಬೇಡಿ. ಜೀವ ಉಳಿಸುವ ಮಾತು ಅದರಲ್ಲಿ ಒಂದೂ ಇರುವುದಿಲ್ಲ. ಬರೆಯಬೇಕಾದದ್ದು ಇದು. ಒಣಗಿದ ಹಳ್ಳದಲ್ಲಿ ಆಡುವಾಗ ಇಲ್ಲಿ ಮಳೆ ಇಲ್ಲ ಅಂತ ನಂಬಬೇಡಿ. ದೂರದ ಬೆಟ್ಟದಲ್ಲಿ ಸುರಿದ ಮಳೆ ನೀಲಿ ಆಕಾಶದ ಕೆಳಗೇ ನುಗ್ಗಿ ಬರುತ್ತದೆ. ರಭಸದ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡ ಮನುಷ್ಯನನ್ನು ಬೀಳಿಸಬಲ್ಲದು. 60 ಸೆಂಟಿಮೀಟರ್ ಇದ್ದರೆ ಹೆಚ್ಚಿನ ಕಾರುಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ನಿಲ್ಲಿಸಿದ ಕಾರಿನೊಳಗಿನ ಬಿಸಿ ಹತ್ತೇ ನಿಮಿಷದಲ್ಲಿ ಸುಮಾರು 11 ಡಿಗ್ರಿ ಏರುತ್ತದೆ, ಕಿಟಕಿ ಚೂರು ತೆರೆದಿಟ್ಟರೂ ಹೆಚ್ಚು ಪ್ರಯೋಜನ ಇಲ್ಲ. ಹಾಗಾಗಿ ಮಗು ನಿದ್ದೆ ಮಾಡಿದೆ ಅಂತ ಸುಮ್ನೆ ಒಂದು ನಿಮಿಷಕ್ಕೂ ಬಿಟ್ಟು ಹೋಗಬೇಡಿ. ತಳ್ಳುಗಾಡಿಯ ಮೇಲೆ ಬಟ್ಟೆ ಮುಚ್ಚಿದರೆ ಒಳಗೆ ಬಿಸಿ ಕಟ್ಟಿಕೊಳ್ಳುತ್ತದೆ. ದೂಳಿನ ಬಿರುಗಾಳಿ ಎದ್ದರೆ ಕಾರನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ದೀಪ ಆರಿಸಿ, ಬ್ರೇಕ್ ಮೇಲಿನ ಕಾಲು ತೆಗೆಯಿರಿ. ಇಲ್ಲದಿದ್ದರೆ ಹಿಂದಿನಿಂದ ಬರುವವರು ನಿಮ್ಮ ಕೆಂಪು ದೀಪವನ್ನೇ ರಸ್ತೆ ಅಂದುಕೊಂಡು ಹಿಂಬಾಲಿಸುತ್ತಾರೆ. ಇಷ್ಟನ್ನು ದೊಡ್ಡ ಅಕ್ಷರದಲ್ಲಿ, ಚಿತ್ರ ಸಮೇತ ಹಾಕಿ.

ಮುಚ್ಚುವುದೂ ಕೆಲವೊಮ್ಮೆ ಸರಿ. ಅರಿಜೋನಾದ ಫೀನಿಕ್ಸ್ ನಗರ 2021ರಿಂದ ಈಚೆಗೆ, ವಿಪರೀತ ಬಿಸಿಲಿನ ಎಚ್ಚರಿಕೆ ಇರುವ ದಿನಗಳಲ್ಲಿ ಕ್ಯಾಮೆಲ್‌ಬ್ಯಾಕ್ ಬೆಟ್ಟದಂಥ ಕಡಿದಾದ ದಾರಿಗಳನ್ನು ಹಗಲಿನ ಸುಡುವ ಹೊತ್ತಿನಲ್ಲಿ ಮುಚ್ಚುತ್ತದೆ. 2023ರಲ್ಲಿ ಅಲ್ಲಿ ಸತತ 31 ದಿನ ಉಷ್ಣತೆ 43 ಡಿಗ್ರಿ ದಾಟಿತ್ತು. ಅಂಥ ಕಡೆ ಹಾಗೆ ಮಾಡದಿದ್ದರೆ ತಪ್ಪಾಗುತ್ತಿತ್ತು. ನಾನು ಹೇಳುತ್ತಿರುವುದೂ ಅದೇ. ಗಡಿಯಾರ ನೋಡಿ ಮುಚ್ಚಬೇಡಿ, ಬಿಸಿಲು ನೋಡಿ ಮುಚ್ಚಿ.

ವರ್ಷದ ಕ್ಯಾಲೆಂಡರ್ ಬಗ್ಗೆಯೂ ಹೇಳಬೇಕು. ಶಾಲೆಗೆ ದೊಡ್ಡ ರಜೆ ಬರುವುದು ಬೇಸಿಗೆಯಲ್ಲಿ. ಹೊರಗೆ ಕಾಲಿಡಲಾಗದ ತಿಂಗಳುಗಳಲ್ಲಿ ಮಕ್ಕಳು ಮನೆಯಲ್ಲಿ, ಹೊರಗೆ ಸ್ವರ್ಗದಂತಿರುವ ಚಳಿಗಾಲದಲ್ಲಿ ತರಗತಿಯೊಳಗೆ. ರಜೆ ಬದಲಿಸುವುದು ನಿಮ್ಮ ಕೈಯಲ್ಲಿ ಇಲ್ಲದಿರಬಹುದು. ಆದರೆ ಊರಿನ ಮಕ್ಕಳ ಹಬ್ಬ, ಶಾಲಾ ಪ್ರವಾಸ, ಬಯಲಾಟದ ಸ್ಪರ್ಧೆಗಳನ್ನೆಲ್ಲ ತಂಪು ತಿಂಗಳುಗಳಿಗೆ ತಳ್ಳುವುದು ನಿಮ್ಮ ಕೈಯಲ್ಲೇ ಇದೆ. ಆಲಿಸ್ ಸ್ಪ್ರಿಂಗ್ಸ್‌ನವರು 1962ರಿಂದ ತಮ್ಮ ಒಣ ಟಾಡ್ ನದಿಯಲ್ಲಿ ದೋಣಿ ಸ್ಪರ್ಧೆ ನಡೆಸುತ್ತಾರೆ. ದೋಣಿಗಳಿಗೆ ತಳವೇ ಇಲ್ಲ. ಒಳಗೆ ನಿಂತು, ದೋಣಿಯನ್ನು ಸೊಂಟಕ್ಕೆ ಎತ್ತಿಕೊಂಡು ಮರಳಿನಲ್ಲಿ ಓಡುತ್ತಾರೆ. ಅದೂ ಅಲ್ಲಿ ಚಳಿಗಾಲವಾದ ಆಗಸ್ಟ್‌ನಲ್ಲಿ. 1993ರಲ್ಲಿ ಸ್ಪರ್ಧೆ ರದ್ದಾಯಿತು. ಯಾಕೆ ಗೊತ್ತಾ? ನದಿಯಲ್ಲಿ ನೀರು ಬಂದುಬಿಟ್ಟಿತ್ತು! ಊರಿನಲ್ಲಿ ಇಲ್ಲದ್ದಕ್ಕೆ ಗೊಣಗುವ ಬದಲು ಅದನ್ನೇ ಆಟ ಮಾಡಿಕೊಂಡ ಜನ. ಆಸ್ಟ್ರೇಲಿಯಾದ್ದೇ ಇನ್ನೊಂದು ಊರು ಕೂಬರ್ ಪೀಡಿಯವರೂ ಕಡಿಮೆ ಇಲ್ಲ. ಓಪಲ್ ಅನ್ನುವ ರತ್ನದ ಗಣಿಗಳ ಆ ಊರಲ್ಲಿ ತುಂಬ ಜನ ನೆಲದಡಿ ಕೊರೆದ ಮನೆಗಳಲ್ಲಿ ವಾಸಿಸುತ್ತಾರೆ. ಹುಲ್ಲೇ ಇಲ್ಲದ ಮೈದಾನದಲ್ಲಿ ರಾತ್ರಿ ಹೊಳೆಯುವ ಚೆಂಡು ಇಟ್ಟುಕೊಂಡು ಗಾಲ್ಫ್ ಆಡುತ್ತಾರೆ. ಕಾರಿನಲ್ಲೇ ಕೂತು ನೋಡುವ ಬಯಲು ಸಿನಿಮಾವನ್ನು ಊರಿನ ಸ್ವಯಂಸೇವಕರೇ ನಡೆಸುತ್ತಾರೆ.

ನಿಮ್ಮ ಆಕ್ಷೇಪಗಳು ಏನಿರಬಹುದು ಅಂತ ಊಹಿಸಬಲ್ಲೆ. ಬೆಳಗ್ಗೆ ಅಷ್ಟು ಬೇಗ ಯಾರು ಬರುತ್ತಾರೆ, ಸಂಬಳ ಯಾರು ಕೊಡುತ್ತಾರೆ? ಗಂಟೆ ಹೆಚ್ಚಿಸಿ ಅನ್ನುತ್ತಿಲ್ಲ. ಬೇಸಿಗೆಯಲ್ಲಿ ಹನ್ನೊಂದರಿಂದ ಐದರವರೆಗೆ ಖಾಲಿ ಪಾರ್ಕು ಕಾಯುವವರನ್ನು ಬೆಳಗ್ಗೆ ಎರಡೂವರೆ ಗಂಟೆ, ರಾತ್ರಿ ಮೂರು ಗಂಟೆಗೆ ಹಂಚಿ. ಕಾವಲುಗಾರರಿಗೂ ಬಿಸಿಲು ತಪ್ಪುತ್ತದೆ. ಅವರನ್ನು ಕೇಳಿಯೇ ಪಾಳಿ ಮಾಡಿ, ಒಬ್ಬರೇ ಎರಡೂ ಹೊತ್ತು ಬರುವ ಹಾಗೆ ಮಾಡಬೇಡಿ. ರಾತ್ರಿ ಪುಂಡರು ಸೇರುತ್ತಾರೆ ಅನ್ನುತ್ತೀರಾ? ಪುಂಡರು ಸೇರುವುದು ಖಾಲಿ ಜಾಗದಲ್ಲಿ. ಅಜ್ಜಿ, ಮೊಮ್ಮಕ್ಕಳು, ತಳ್ಳುಗಾಡಿ ತುಂಬಿದ ಜಾಗ ಅವರಿಗೆ ಬೋರು. ಹದಿಹರೆಯದವರು ಮಾತ್ರ ಬಂದೇ ಬರುತ್ತಾರೆ, ಬರಲಿ. ಅವರಿಗೆ ಹೋಗಲು ಜಾಗ ಇನ್ನೂ ಕಡಿಮೆ. ಅವರನ್ನು ಪುಂಡರು ಅಂತ ಎಣಿಸುವ ಅಭ್ಯಾಸ ಬಿಡೋಣ.

ನೀರು ಚಿಮ್ಮುವ ಆಟದ ಜಾಗ ಬೇಕು ಅಂತ ಕೆಲವು ಪೋಷಕರು ಕೇಳುತ್ತಾರೆ. ಇದರಲ್ಲಿ ನಾನು ನಿಮ್ಮ ಪರ. ನೀರನ್ನು ಶುದ್ಧ ಮಾಡಿ ಮತ್ತೆ ಬಳಸುವ ವ್ಯವಸ್ಥೆ ಇಲ್ಲದಿದ್ದರೆ ಬೇಡ. ಅದನ್ನು ಸರಿಯಾಗಿ ನೋಡಿಕೊಳ್ಳಲು ಆಗದ ಊರಿಗೆ ಅದು ರೋಗದ ಮೂಲ ಆಗುತ್ತದೆ. ಒಣ ಗಾಳಿಯಲ್ಲಿ ಸಣ್ಣ ಮಂಜು ಸಿಂಪಡಿಸುವ ನಳಿಕೆಗಳು ತುಂಬ ಕಡಿಮೆ ನೀರಿನಲ್ಲಿ ಚೆನ್ನಾಗಿ ತಂಪು ಮಾಡುತ್ತವೆ. ಮೊದಲು ಅವನ್ನು ಹಾಕಿ ನೋಡಿ.

ಒಂದು ತಿಂಗಳ ಪ್ರಯೋಗ ಸಾಕು. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮುಂಚೆ ಗೇಟು ತೆರೆಯಿರಿ. ಸಂಜೆ ಏಳರಿಂದ ಹತ್ತರವರೆಗೆ ಮತ್ತೆ ತೆರೆಯಿರಿ. ಆ ತಿಂಗಳ ಹುಣ್ಣಿಮೆಗೆ ಒಂದು ನಡಿಗೆ, ಅಮಾವಾಸ್ಯೆಗೆ ಒಂದು ನಕ್ಷತ್ರದ ರಾತ್ರಿ ಇಡಿ. ಎಷ್ಟು ಜನ ಬಂದರು ಅಂತ ಗೇಟಿನಲ್ಲಿ ಎಣಿಸಿ. ಹಳೆ ಸಮಯದಲ್ಲಿ ಎಷ್ಟು ಜನ ಬರುತ್ತಿದ್ದರು ಅನ್ನುವುದನ್ನೂ ಅದಕ್ಕೆ ಮೊದಲೇ ಎಣಿಸಿಡಿ. ಆಮೇಲೆ ಎರಡೂ ಅಂಕಿಗಳನ್ನು ಪಾರ್ಕಿನ ಬೋರ್ಡಿನಲ್ಲೇ ಬರೆಯಿರಿ, ನಾವೂ ನೋಡುತ್ತೇವೆ.

ಈ ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಹಾಕಬೇಕು ಅಂತ ಕೋರುತ್ತೇನೆ. ಸಭೆ ಮಧ್ಯಾಹ್ನ ಮೂರಕ್ಕೆ ಬೇಡ, ರಾತ್ರಿ ಎಂಟಕ್ಕೆ ಇಡಿ. ಮಕ್ಕಳನ್ನು ಕರೆದುಕೊಂಡೇ ಬರುತ್ತೇವೆ.

ಇಂತಿ,
ಮರುಭೂಮಿ ಊರಿನ ಒಬ್ಬ ತಾಯಿ